ಗಡಿಗೆ ಹೊರಡೋ ಹುಡುಗರಿಗೆ ಮನಸ್ಸಿನ ತಾಲೀಮು: ನನ್ನ ಅನುಭವ

ಓಟ, ಪುಲ್‌ಅಪ್, ಒಂಬತ್ತು ಅಡಿ ಹಳ್ಳ ಹಾರೋದನ್ನ ಸೇನಾ ಭರ್ತಿಯ ಎಲ್ಲಾ ಕೋಚಿಂಗ್‌ನವರೂ ಕಲಿಸ್ತಾರೆ, ಅದನ್ನ ಬಿಡ್ತೀನಿ. ಇದು ಸೇನೆಯ ತರಬೇತಿ ಮುಗಿದಾಗ ಪ್ರಮಾಣ ಮಾಡೋ ಕಸಂ ಪರೇಡ್ ಮುಗಿಸಿ ರಜೆಗೆ ಊರಿಗೆ ಬಂದು, ಮೊದಲ ಸಲ ಎಲ್‌ಒಸಿಗೋ ಲಡಾಖಿಗೋ ಹೊರಡೋ ಹುಡುಗರ ವಿಷಯ. ಮಂಡ್ಯ ಸುತ್ತ ಇಂಥವರನ್ನ ತಿದ್ದೋ ಮಾಜಿ ಸೈನಿಕರು ಬೇಕಾದಷ್ಟು ಜನ ಇದ್ದೀರಿ. "ಮನ್ಸಿಗೆಂಥ ತಾಲೀಮು, ಯೂನಿಟ್‌ಗೆ ಹೋದ್ರೆ ತಾನೇ ಗಟ್ಟಿ ಆಯ್ತವೆ ಬುಡಿ" ಅಂದೋರೂ ನೀವೇ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ್ ಆದಾಗ ನಮ್ಮ ಹುಡುಗರು ಮುಂದೆ ಹೇಗೆ ನಿಂತರು ಅನ್ನೋದು ಕಿವಿಗೆ ಬಿದ್ದ ಮೇಲೆ, ಏನು ಮಾಡಿಸ್ತೀರಿ ಹೇಳಿ ಅಂತ ನೀವೇ ಕೇಳ್ತಿದ್ದೀರಿ. ಹೇಳ್ತೀನಿ, ಒಂದೆರಡು ಗುಟ್ಟು ಬಿಟ್ಟು.

ಸದ್ದಿನಿಂದ ಶುರು ಮಾಡಿ. ದಸರಾಗೆ ಮುಂಚೆ ಮೈಸೂರಿನಲ್ಲಿ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಕೊಡೋದನ್ನ ನೋಡಿದ್ದೀರಲ್ಲ: ಮೊದಲು ದೂರ, ಆಮೇಲೆ ಹತ್ತಿರ, ಬೆದರೋ ಆನೆ ಪಕ್ಕ ಪಳಗಿದ ಆನೆ. ಅದಕ್ಕಿಂತ ಒಳ್ಳೆ ಕ್ರಮ ನನಗಿನ್ನೂ ಸಿಕ್ಕಿಲ್ಲ. ಮೊದಲ ವಾರ ಪೆಂಡಾಲಿನವರ ಸೌಂಡ್ ಸೆಟ್ಟಿನಲ್ಲಿ ಗುಂಡಿನ ಸದ್ದು ಸಣ್ಣಗೆ ಹಾಕಿ, ದಿನಕ್ಕೆ ಸ್ವಲ್ಪ ಏರಿಸ್ತಾ ಹೋಗೋದು. ಎರಡನೇ ವಾರ ನೂರು ಹೆಜ್ಜೆ ದೂರದಲ್ಲಿ ಆಟಂ ಬಾಂಬ್ ಪಟಾಕಿ, ಹೇಳಿ ಹಚ್ಚೋದು. ಆಮೇಲೆ ಮೂವತ್ತು ಹೆಜ್ಜೆ, ಹೇಳದೆ. ಕಿವಿಗೆ ಹತ್ತಿ, ಕಣ್ಣಿಗೆ ವೆಲ್ಡಿಂಗ್ ಅಂಗಡಿಯ ಬಿಳಿ ಕನ್ನಡಕ ಕಡ್ಡಾಯ. ಹೇಳದೆ ಹಚ್ಚೋದು ಯಾವ ಗಳಿಗೆಯಲ್ಲಿ ಅನ್ನೋದನ್ನ ಇಲ್ಲಿ ಬರೆಯಲ್ಲ. ಬರೆದರೆ ಹುಡುಗರೂ ಓದ್ತಾರೆ.

ಸದ್ದು ಕೇಳಿಸ್ತಾ ಸುಮ್ಮನೆ ನಿಲ್ಲಿಸಿದರೆ ತಾಲೀಮು ಕೆಡುತ್ತೆ. ಹುಡುಗ ಬೆಚ್ಚಿ ಬೀಳೋದನ್ನಷ್ಟೇ ಕಲೀತಾನೆ. ಕೈಯಲ್ಲಿ ಕೆಲಸ ಇರಲೇಬೇಕು: ಹಗ್ಗದ ಗಂಟು, ಬೂಟಿನ ಲೇಸು, ಟಾರ್ಚಿನ ಸೆಲ್ ಬದಲಾಯಿಸೋದು. ಎದೆ ಬಡಿತ ಏರಿದಾಗ ಬೆರಳಿನ ಸಣ್ಣ ಕೆಲಸವೇ ಮೊದಲು ಕೈಕೊಡೋದು. ಕಿವಿ ಮಂದ ಆಗುತ್ತೆ, ಕಣ್ಣಿಗೆ ಎದುರಿಗಿದ್ದದ್ದು ಬಿಟ್ಟು ಪಕ್ಕದ್ದು ಕಾಣಲ್ಲ. ಸುಮ್ಮನಿದ್ದಾಗ ಇಪ್ಪತ್ತು ಸೆಕೆಂಡಿನಲ್ಲಿ ಹಾಕೋ ಗಂಟು ಪಟಾಕಿ ನಡುವೆ ಐವತ್ತಕ್ಕೆ ಹೋಗುತ್ತೆ. ಅದು ಮೂವತ್ತರ ಆಸುಪಾಸಿಗೆ ಇಳಿಯೋವರೆಗೆ ಪಟಾಕಿ ಹತ್ತಿರ ತರಬೇಡಿ. ಮೊದಲ ದಿನವೇ ಪಕ್ಕದಲ್ಲಿ ಸಿಡಿಸಿದರೆ ಕಣ್ಣು ಮುಚ್ಚೋ ಅಭ್ಯಾಸ ಅಂಟಿಕೊಳ್ಳುತ್ತೆ, ಬಿಡಿಸೋಕೆ ಎರಡರಷ್ಟು ದಿನ ಬೇಕು.

ಪಟಾಕಿಗೆ ಬ್ಯಾಚಿಗೆ ಮೂರು ಸಾವಿರದ ಹತ್ತಿರ, ಸೌಂಡ್ ಸೆಟ್ಟಿಗೆ ದಿನಕ್ಕೆ ಸಾವಿರದಿಂದ ಸಾವಿರದೈನೂರು. ಠಾಣೆಗೆ ಮೊದಲೇ ತಿಳಿಸಿ, ಪಂಚಾಯಿತಿಗೂ ಹೇಳಿ. ಕರೆಯೋ ಹಸು ಕಟ್ಟಿರೋ ಕೊಟ್ಟಿಗೆಯಿಂದ ದೂರ ಇರಿ. ಸಂಜೆ ಡೈರಿಗೆ ಹಾಲು ಕಡಿಮೆ ಬಂದ್ರೆ ಆ ಮನೆಯವರು ಬಾಗಿಲಿಗೆ ಬರ್ತಾರೆ, ದುಡ್ಡು ನೀವೇ ಕೊಡಬೇಕು.

ಇನ್ನು ರಕ್ತ. ಬಾಳೆದಿಂಡನ್ನ ತೊಡೆ ಗಾತ್ರಕ್ಕೆ ಕತ್ತರಿಸಿ, ಮೇಲೆ ಗಾರೆಯವರ ಲೆವೆಲ್ ಪೈಪ್ ಹಾಯಿಸಿ, ಹಳೇ ಪ್ಯಾಂಟಿನ ಕಾಲು ತೊಡಿಸಿ. ಪೈಪಿನ ಒಂದು ತುದಿ ಔಷಧಿ ಹೊಡೆಯೋ ಸ್ಪ್ರೇಯರಿಗೆ, ಇನ್ನೊಂದು ತುದಿ ಬಟ್ಟೆಯ ತೂತಿಗೆ. ಸ್ಪ್ರೇಯರ್ ಹೊಸದೇ ಆಗಿರಲಿ, ಗದ್ದೆಗೆ ಬಳಸಿದ್ದು ಬೇಡ. ಒಳಗೆ ಬೀಟ್‌ರೂಟ್ ಬೇಯಿಸಿದ ನೀರು, ಸೋಸಿದ್ದು. ಮಂದ ಆಗಲಿ ಅಂತ ಮೈದಾ ಕಲಸಿದರೆ ಗಂಟು ಕಟ್ಟಿ ಪೈಪ್ ಮುಚ್ಚುತ್ತೆ. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಕೀಲು ಬಿಟ್ಟು ಟೂರ್ನಿಕೆ (ರಕ್ತ ನಿಲ್ಲಿಸೋ ಬಿಗಿ ಪಟ್ಟಿ) ಸುತ್ತಿ ಕಡ್ಡಿ ತಿರುಗಿಸಬೇಕು. ಪೈಪ್ ಅಮುಕಿ ನೀರು ನಿಂತರೆ ಪಾಸ್, ಜಿನುಗಿದರೆ ಇಲ್ಲ. ಪಟ್ಟಿ ಕಟ್ಟಿದ ಹೊತ್ತು ಬರೆಯದಿದ್ದರೆ ನೀರು ನಿಂತರೂ ಫೇಲ್. ವಾಸನೆಗೆ ಒಗ್ಗಲಿ ಅಂದ್ರೆ ಮಟನ್ ಅಂಗಡಿಯಿಂದ ಕುರಿ ರಕ್ತ ತಂದು ಬಟ್ಟೆಗೆ ಸವರಿ. ಹಿಡಿಯುವಾಗಲೇ ಉಪ್ಪು ಹಾಕಿಸಿ, ಇಲ್ಲಾಂದ್ರೆ ದಾರಿಯಲ್ಲೇ ಹೆಪ್ಪುಗಟ್ಟುತ್ತೆ. ಎಲ್ಲಾ ಸೇರಿ ಒಂದು ಕಾಲಿಗೆ ಎಂಟುನೂರು, ಒಂಬೈನೂರು, ಸ್ಪ್ರೇಯರ್ ಬಿಟ್ಟು. ಕಂಪನಿಯವರು ಮಾರೋ ತಾಲೀಮಿನ ಬೊಂಬೆಗೆ ಲಕ್ಷಗಟ್ಟಲೆ ಕೇಳ್ತಾರೆ.

ಇದಕ್ಕಿಂತ ಕಷ್ಟದ್ದು ಬಿದ್ದವನ ಹತ್ತಿರ ಓಡಿ ಹೋಗದೆ ಇರೋದು. ಜೋಡಿಯವನು ಗುಂಡು ತಗುಲಿ ಬಿದ್ದು ಕೂಗಿಕೊಂಡರೆ ಹತ್ತೊಂಬತ್ತು ವರ್ಷದ ಹುಡುಗ ಹಿಂದೆ ಮುಂದೆ ನೋಡದೆ ಅವನ ಹತ್ತಿರ ಓಡ್ತಾನೆ, ಎರಡನೇ ಗುಂಡು ಅವನಿಗೇ. ಮೊದಲು ಆಡ (ಗುಂಡು ತಗುಲದ ಮರೆ), ತಿರುಗಿ ಗುಂಡು ಹಾರಿಸೋದು, ಆಮೇಲೆ ಎಳೆದುಕೊಂಡು ಬರೋದು, ಆಮೇಲೆ ಕಟ್ಟು. ಇದನ್ನ ಬಾಯಲ್ಲಿ ಎಲ್ಲರೂ ಹೇಳ್ತಾರೆ. ಕಬ್ಬಿನ ಗದ್ದೆ ಬದುವಿನ ಮೇಲೆ ಸ್ನೇಹಿತನನ್ನೇ ಮಲಗಿಸಿ, ಅವನ ಕೈಲಿ ಹೆಸರು ಹಿಡಿದು ಕೂಗಿಸಿದಾಗ ಬಹಳ ಜನ ತಪ್ಪುತ್ತಾರೆ. ಕೂಗೋನು ಗೊತ್ತಿರೋನೇ ಆಗಿರಬೇಕು, ಬಾಡಿಗೆ ಧ್ವನಿಗೆ ಯಾರೂ ಕರಗಲ್ಲ. ಕೆಲವರು ಅಳ್ತಾರೆ, ಅಳಲಿ. ಅಳ್ತಾ ಅಳ್ತಾ ಆಡದ ಹಿಂದೆ ಕೂತು ಎಣಿಸಿದರೆ ಸಾಕು. ಎಣಿಕೆ ಅಂದರೆ ಉಸಿರು: ನಾಲ್ಕು ಎಣಿಸಿ ಒಳಗೆ, ನಾಲ್ಕು ಹಿಡಿ, ನಾಲ್ಕು ಹೊರಗೆ, ನಾಲ್ಕು ತಡೆ. ಓಡಿ ಬಂದವನಿಗೆ ಹಿಡಿಯೋದು ಆಗಲ್ಲ. ನಾಲ್ಕು ಒಳಗೆ, ಆರು ಹೊರಗೆ ಸಾಕು.

ಮುಗಿದ ತಕ್ಷಣ ನೀರು ಕೊಟ್ಟು ಸುತ್ತ ಕೂರಿಸಿ. ಏನಾಯ್ತು, ನೀನೆಲ್ಲಿದ್ದೆ, ಮುಂದಿನ ಸಲ ಏನು ಬದಲಾಯಿಸ್ತೀಯ, ಇದೇ ಕ್ರಮದಲ್ಲಿ ಕೇಳಿ. "ಹೆಂಗನ್ನುಸ್ತು" ಅಂತ ಮೊದಲೇ ಕೇಳಿದರೆ ಎಲ್ಲರೂ "ಏನಿಲ್ಲ ಸಾ" ಅಂತಾರೆ, ಮಾತು ಅಲ್ಲಿಗೆ ಮುಗೀತು. ಅಳೋನಿಗಿಂತ ಆ ರಾತ್ರಿ ಮುದ್ದೆ ಮುಟ್ಟದೆ, ವಿಪರೀತ ಜೋಕು ಮಾಡೋನ ಮೇಲೆ ಕಣ್ಣಿಡಿ. ಅವನನ್ನ ಮನೆಗೆ ಅಟ್ಟಬೇಡಿ. ಅಲ್ಲೇ ಊಟ, ನಿದ್ದೆ, ಬೆಳಗ್ಗೆ ಸಣ್ಣದೊಂದು ಜವಾಬ್ದಾರಿ, ಸಂಜೆ ಮತ್ತೆ ಸಾಲಿಗೆ. ಮೊದಲ ಮಹಾಯುದ್ಧದ ಕಾಲದಿಂದ ಸೈನ್ಯದ ವೈದ್ಯರು ಮಾಡಿಕೊಂಡು ಬಂದಿರೋದೂ ಇದನ್ನೇ: ಹತ್ತಿರದಲ್ಲೇ, ಬೇಗ, ವಾಪಸ್ ಹೋಗ್ತೀಯ ಅನ್ನೋ ನಂಬಿಕೆ ಕೊಟ್ಟು. ಎರಡು ಮೂರು ದಿನಕ್ಕೂ ನಿದ್ದೆ ಹತ್ತದಿದ್ದರೆ ಮಾತ್ರ ಡಾಕ್ಟರ ಹತ್ತಿರ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಕುಂತಿ ಬೆಟ್ಟದ ರಾತ್ರಿ ಏರಿಕೆಯಿಂದ ಕಾಲು ಗಟ್ಟಿ ಆಯ್ತೇ ಹೊರತು ಮನಸ್ಸಿಗೆ ಹೇಳಿಕೊಳ್ಳೋ ಲಾಭ ಕಾಣಲಿಲ್ಲ. ಐಸ್ ಗಡ್ಡೆ ನೀರಿನ ಡ್ರಮ್ಮು ಶುದ್ಧ ಶೋಕಿ. ಸ್ಫೂರ್ತಿ ಭಾಷಣಕಾರರು ಎರಡು ಗಂಟೆಗೆ ಹತ್ತು ಸಾವಿರ ತಗೋತಾರೆ, ಚಪ್ಪಾಳೆ ಬಸ್ ಸ್ಟ್ಯಾಂಡ್‌ವರೆಗೂ ಉಳಿಯಲ್ಲ. ಕೆಲಸಕ್ಕೆ ಬಂದಿದ್ದು ಆಲೆಮನೆ: ಕಬ್ಬು ಅರೆಯದ ದಿನಗಳಲ್ಲಿ ಇಬ್ಬಿಬ್ಬರನ್ನ ಒಳಗೆ ಬಿಟ್ಟು, ಮೊಬೈಲ್ ಕಿತ್ತುಕೊಂಡು, ಎರಡು ಗಂಟೆಗೊಮ್ಮೆ ಪಹರೆ ಬದಲಿ. ಎತ್ತರದ ಪೋಸ್ಟಿನಲ್ಲಿ ಗುಂಡಿಗಿಂತ ಬೇಸರ, ಒಬ್ಬರಿಗೊಬ್ಬರು ಹಲ್ಲು ಕಡಿಯೋದೇ ಜಾಸ್ತಿ. ಎರಡನೇ ರಾತ್ರಿ ಬೆಂಕಿಪೊಟ್ಟಣಕ್ಕೂ ಜಗಳ ಶುರುವಾಗುತ್ತೆ. ಅದು ಇಲ್ಲೇ ಆಗಲಿ. ಯಾರ ಜೊತೆ ಯಾರನ್ನ ಹಾಕ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

ಕೊನೇ ಭಾನುವಾರ ಮನೆಯವರದ್ದು. ಹತ್ತು ದಿನ ಫೋನ್ ಬರದಿದ್ದರೆ ಟವರ್ ಇಲ್ಲ, ಇಲ್ಲಾ ಮೊಬೈಲ್ ಇಡಿಸಿದ್ದಾರೆ ಅಂತಲೇ ಅರ್ಥ ಅನ್ನೋದನ್ನ ತಾಯಿ ಬಾಯಿಂದಲೇ ಹೇಳಿಸಿ. "ಎಲ್ಲಿದ್ದೀಯ ಮಗ" ಅಂತ ಕೇಳೋದು ಬಂದ್, "ಊಟ ಆಯ್ತಾ" ಮಾತ್ರ. ಟಿವಿ ಆಫ್, ಆ ಮೇ ತಿಂಗಳಲ್ಲಿ ಗಡಿಯಲ್ಲಿದ್ದೋರಿಗಿಂತ ಟಿವಿ ಮುಂದೆ ಕೂತೋರೇ ಕಂಗಾಲಾಗಿದ್ದು. ಕಾಗದ ಪತ್ರವನ್ನೂ ಅವತ್ತೇ ಮುಗಿಸಿ. ನಾಮಿನಿ ಹೆಸರು ಆಧಾರಿನ ಅಕ್ಷರದ ಹಾಗೇ ಇದೆಯಾ, ತಂದೆ ತಾಯಿ ಇಬ್ಬರ ಬ್ಯಾಂಕ್ ಖಾತೆಯೂ ಚಾಲೂ ಇದೆಯಾ ನೋಡಿ. ಮದುವೆ ಆಗಿರೋ ಹಳಬರಾದರೆ ಪಾರ್ಟ್ 2 ಆರ್ಡರ್‌ನಲ್ಲಿ (ಮನೆಯವರ ವಿವರ ದಾಖಲಾಗೋ ಸೇನೆಯ ಆದೇಶ) ಹೆಂಡತಿ, ಮಕ್ಕಳ ಹೆಸರು ಏರಿದೆಯಾ ಅಂತ ಪ್ರತಿಯನ್ನೇ ತರಿಸಿ ಓದಿ. "ಏರಿರ್ತದೆ ಬುಡಿ ಸಾ" ಅನ್ನೋ ಉತ್ತರ ತಗೋಬೇಡಿ.