ಕಾಲಮಿತಿಯ ಪ್ರವೇಶ ಪರೀಕ್ಷೆಯಲ್ಲಿ ಪ್ಯಾಸೇಜ್‌ಗಳನ್ನು ಬೇಗ ಗ್ರಹಿಸುವುದು ಹೇಗೆ?

ಪ್ರವೇಶ ಪರೀಕ್ಷೆಯ ಪ್ಯಾಸೇಜ್ ವಿಭಾಗದಲ್ಲಿ ಸಮಯ ಸಾಲದೆ ಹೋದವರು ಸಾಮಾನ್ಯವಾಗಿ ತಮ್ಮ ಓದೇ ನಿಧಾನವೆಂದು ತೀರ್ಮಾನಿಸಿ, ಕಣ್ಣಿನ ಓಟವನ್ನು ಹೆಚ್ಚಿಸುವ ಉಪಾಯಗಳ ಬೆನ್ನು ಹತ್ತುತ್ತಾರೆ. ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯೇ ಇರುತ್ತದೆ. ಅಮೆರಿಕದಲ್ಲಿ ಕಾನೂನು ವ್ಯಾಸಂಗದ ಪ್ರವೇಶಕ್ಕಾಗಿ ನಡೆಯುವ ಎಲ್‌ಸ್ಯಾಟ್‌ನಲ್ಲಿ ಓದಿನ ವಿಭಾಗಕ್ಕೆ 35 ನಿಮಿಷಗಳಿದ್ದು, ಅಷ್ಟರೊಳಗೆ ನಾಲ್ಕು ಪ್ಯಾಸೇಜ್‌ಗಳನ್ನು ಮುಗಿಸಬೇಕು. ಅಂದರೆ ಒಂದೊಂದಕ್ಕೆ ಎಂಟೂಮುಕ್ಕಾಲು ನಿಮಿಷ ಸಿಗುತ್ತದೆ. ಒಂದು ಪ್ಯಾಸೇಜ್ ಸುಮಾರು 450ರಿಂದ 500 ಪದಗಳಷ್ಟಿರುತ್ತದೆ. ವಯಸ್ಕರು ಇಂಗ್ಲಿಷ್ ಗದ್ಯವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 240 ಪದಗಳ ಆಸುಪಾಸಿನಲ್ಲಿರುವುದರಿಂದ, ಬರಿಯ ಓದಿಗೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ವಿಷಯ ಗಹನವಾಗಿದೆ, ಇಂಗ್ಲಿಷ್ ನಮ್ಮ ಮಾತೃಭಾಷೆಯಲ್ಲ ಎಂದು ಮೂರೂವರೆ ನಿಮಿಷ ಕೊಟ್ಟರೂ ಪ್ರಶ್ನೆಗಳಿಗೆ ಐದು ನಿಮಿಷಗಳು ಉಳಿಯುತ್ತವೆ. ಹಾಗಾದರೆ ಸಮಯ ಸೋರುವುದು ಎಲ್ಲಿ? ಬಹುಪಾಲು, ಅರೆಬರೆ ಅರ್ಥವಾದ ಪ್ಯಾಸೇಜ್‌ಗೆ ಪ್ರತಿ ಪ್ರಶ್ನೆಗೂ ಮರಳಿ ಹೋಗುವುದರಲ್ಲಿ ಮತ್ತು ಕೊನೆಗುಳಿದ ಎರಡು ಆಯ್ಕೆಗಳ ನಡುವೆ ಹೊಯ್ದಾಡುವುದರಲ್ಲಿ. ಇವೆರಡನ್ನೂ ಕಡಿಮೆ ಮಾಡುವ ದಾರಿ ಮೊದಲ ಓದನ್ನು ಗಟ್ಟಿ ಮಾಡಿಕೊಳ್ಳುವುದೇ ಹೊರತು ಅದನ್ನು ಇನ್ನಷ್ಟು ಅವಸರಗೊಳಿಸುವುದಲ್ಲ.

ಇದನ್ನು ನಂಬುವ ಮೊದಲು ನೀವೇ ಅಳೆದು ನೋಡಿ. ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ಯಾಸೇಜ್ ತೆಗೆದುಕೊಂಡು, ಓದು ಮುಗಿದ ಸಮಯವನ್ನೂ ಪ್ರತಿ ಪ್ರಶ್ನೆಗೆ ಹಿಡಿದ ಸಮಯವನ್ನೂ ಬರೆದಿಟ್ಟುಕೊಳ್ಳಿ. ಪ್ಯಾಸೇಜ್‌ಗೆ ಮರಳಿದಾಗಲೆಲ್ಲ ಒಂದು ಗೀಟು ಹಾಕಿ. ನಾಲ್ಕಾರು ಪ್ಯಾಸೇಜ್‌ಗಳಾದ ಮೇಲೆ ಆ ಹಾಳೆಯೇ ನಿಮ್ಮ ತೊಡಕು ಎಲ್ಲಿದೆಯೆಂದು ಹೇಳುತ್ತದೆ. ಓದಿಗೇ ಐದಾರು ನಿಮಿಷ ಹಿಡಿಯುತ್ತಿದ್ದರೆ, ಅದು ಪದಸಂಪತ್ತಿನ ಮತ್ತು ವಾಕ್ಯರಚನೆಯ ಪರಿಚಯದ ಕೊರತೆ. ಅದಕ್ಕೆ ದಿನವೂ ವಿಜ್ಞಾನ, ಅರ್ಥಶಾಸ್ತ್ರ, ಕಾನೂನು, ಕಲೆಗಳ ಬಗೆಗಿನ ದೀರ್ಘ ಲೇಖನಗಳನ್ನು ತಿಂಗಳುಗಟ್ಟಲೆ ಓದುವುದಲ್ಲದೆ ಬೇರೆ ಮದ್ದಿಲ್ಲ.

ಸ್ಪೀಡ್ ರೀಡಿಂಗ್, ಅಂದರೆ ಕಣ್ಣಿನ ಓಟವನ್ನು ಹೆಚ್ಚಿಸಿ ಓದುವ ಉಪಾಯಗಳ ಬಗ್ಗೆ ಒಂದು ಮಾತು. ಓದುವಾಗ ಕಣ್ಣು ಒಂದೊಂದು ಕಡೆ ಸುಮಾರು ಕಾಲು ಸೆಕೆಂಡ್ ನಿಂತು ಮುಂದಕ್ಕೆ ಜಿಗಿಯುತ್ತದೆ. ನುರಿತ ಓದುಗರಲ್ಲಿಯೂ ಈ ಜಿಗಿತಗಳಲ್ಲಿ ಶೇಕಡಾ 10ರಿಂದ 15ರಷ್ಟು ಹಿಂದಕ್ಕೇ ಆಗುತ್ತವೆ. ಹೀಗೆ ಹಿಂದಿರುಗುವುದು ಕೆಟ್ಟ ಅಭ್ಯಾಸವಲ್ಲ, ಅರ್ಥ ತಪ್ಪಿದಾಗ ಅದನ್ನು ಸರಿಪಡಿಸಿಕೊಳ್ಳುವ ಕ್ರಮ. ಪರದೆಯ ಮೇಲೆ ಒಂದೊಂದೇ ಪದ ಮಿಂಚಿಸುವ ಆ್ಯಪ್‌ಗಳು ಆ ಅವಕಾಶವನ್ನೇ ಕಿತ್ತುಕೊಳ್ಳುತ್ತವೆ. ಮನಸ್ಸಿನೊಳಗೆ ಉಚ್ಚರಿಸಿಕೊಳ್ಳುವುದನ್ನು ನಿಲ್ಲಿಸಿ ಎಂಬ ಸಲಹೆಯೂ ಅಷ್ಟೇ. ಕಠಿಣ ವಾಕ್ಯ ಎದುರಾದಾಗ ಆ ಒಳದನಿಯೇ ಅರ್ಥವನ್ನು ಹಿಡಿದಿಡಲು ನೆರವಾಗುತ್ತದೆ.

ಗಟ್ಟಿಯಾದ ಮೊದಲ ಓದು ಎಂದರೇನು ಎಂಬುದನ್ನು ಒಂದು ಚಿಕ್ಕ ಮಾದರಿಯಲ್ಲಿ ನೋಡೋಣ:

“ಜೇನುನೊಣಗಳ ಕುಣಿತವು ಮೇವಿನ ದಿಕ್ಕನ್ನೂ ದೂರವನ್ನೂ ಸೂಚಿಸುತ್ತದೆ ಎಂದು ಕಾರ್ಲ್ ಫಾನ್ ಫ್ರಿಶ್ ಪ್ರತಿಪಾದಿಸಿದರು. ಆದರೆ 1960ರ ದಶಕದಲ್ಲಿ ಏಡ್ರಿಯನ್ ವೆನ್ನರ್ ಮತ್ತು ಸಂಗಡಿಗರು, ನೊಣಗಳು ಮೇವನ್ನು ತಲುಪುವುದು ವಾಸನೆಯ ಜಾಡು ಹಿಡಿದು ಎಂದು ವಾದಿಸಿದರು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೊಣಗಳ ಹಾರಾಟವನ್ನು ರಾಡಾರ್‌ನಿಂದ ಗುರುತಿಸಿದಾಗ, ಕುಣಿತವನ್ನು ಅನುಸರಿಸಿದ ನೊಣಗಳು ಸೂಚಿತ ದಿಕ್ಕಿನಲ್ಲೇ ಹಾರಿ ಮೇವಿನ ಸಮೀಪಕ್ಕೆ ಹೋದವು. ಆದರೂ ವಾಸನೆಯಂಥ ಸುಳಿವುಗಳಿಲ್ಲದಾಗ ಮೇವಿನ ನಿಖರ ಜಾಗವನ್ನು ಮುಟ್ಟಿದ್ದು ಅಪರೂಪ.”

ಇಲ್ಲಿ ಹೆಸರು, ಇಸವಿ, ರಾಡಾರ್ ಇವುಗಳನ್ನು ನೆನಪಿಡುವ ಅಗತ್ಯವಿಲ್ಲ. ಅವು ಎಲ್ಲಿವೆ ಎಂದು ತಿಳಿದಿದ್ದರೆ ಸಾಕು, ಬೇಕಾದಾಗ ಕಣ್ಣಿಗೆ ತಾನಾಗಿ ಸಿಗುತ್ತವೆ. ನಿಲ್ಲಬೇಕಾದದ್ದು “ಆದರೆ” ಮತ್ತು “ಆದರೂ” ಎಂಬಲ್ಲಿ, ಏಕೆಂದರೆ ವಾದ ಮಗ್ಗುಲು ಬದಲಿಸುವುದು ಅಲ್ಲಿಯೇ. ಓದು ಮುಗಿದೊಡನೆ ಐದು ಸೆಕೆಂಡ್ ತಡೆದು, “ಒಂದು ಮತ, ಅದಕ್ಕೆ ಆಕ್ಷೇಪ, ಮೊದಲ ಮತವನ್ನು ಬಹುಮಟ್ಟಿಗೆ ಎತ್ತಿಹಿಡಿದ ಸಾಕ್ಷ್ಯ, ಆದರೆ ಆಕ್ಷೇಪಕ್ಕೂ ಸ್ವಲ್ಪ ಜಾಗ” ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಉದ್ದನೆಯ ಪ್ಯಾಸೇಜ್‌ನಲ್ಲಿ ಪ್ರತಿ ಪ್ಯಾರಾ ಕೊನೆಯಲ್ಲಿಯೂ ಹೀಗೆ ಮಾಡಬೇಕು. ಇದು ಸಮಯ ಕಳೆಯುವ ಕೆಲಸವೆಂದು ಆರಂಭದಲ್ಲಿ ಅನ್ನಿಸುವುದು ಸಹಜ.

ಈಗ ಪ್ಯಾಸೇಜ್‌ನ ಮುಖ್ಯ ಉದ್ದೇಶವೇನು ಎಂಬ ಪ್ರಶ್ನೆ ಬಂತೆನ್ನಿ. ಆಯ್ಕೆಗಳನ್ನು ನೋಡುವ ಮೊದಲೇ ನಿಮ್ಮಲ್ಲಿ ಉತ್ತರದ ಆಕಾರ ಸಿದ್ಧವಾಗಿದೆ. “ವಾಸನೆಯ ವಾದ ಸಂಪೂರ್ಣ ತಪ್ಪೆಂದು ಸಾಬೀತುಪಡಿಸುವುದು” ಎಂಬ ಆಯ್ಕೆ ಕೊನೆಯ ವಾಕ್ಯದ ಎದುರು ನಿಲ್ಲುವುದಿಲ್ಲ. ಅದನ್ನು ಕೆಡಿಸಿದ್ದು “ಸಂಪೂರ್ಣ” ಎಂಬ ಒಂದೇ ಪದ. “ರಾಡಾರ್‌ನಿಂದ ಕೀಟಗಳ ಹಾರಾಟವನ್ನು ಗುರುತಿಸುವ ವಿಧಾನವನ್ನು ವಿವರಿಸುವುದು” ಎಂಬುದು ಒಂದು ವಿವರವನ್ನು ಇಡೀ ಪ್ಯಾಸೇಜ್‌ನ ಪಟ್ಟಕ್ಕೇರಿಸುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ; ಅದರಲ್ಲಿನ ಪದಗಳೆಲ್ಲ ಪ್ಯಾಸೇಜ್‌ನಲ್ಲಿ ಕಣ್ಣಿಗೆ ಬಿದ್ದವೇ ಆಗಿರುವುದರಿಂದ ಅವಸರದ ಓದುಗ ಅದಕ್ಕೆ ಬೇಗ ಮರುಳಾಗುತ್ತಾನೆ. ಎರಡು ಆಯ್ಕೆಗಳು ಉಳಿದಾಗ ಯಾವುದು ಹೆಚ್ಚು ಸರಿ ಎಂದು ತೂಗುತ್ತಾ ಕೂರದೆ, ಯಾವುದರಲ್ಲಿ ಪ್ಯಾಸೇಜ್‌ನ ಬೆಂಬಲವಿಲ್ಲದ ಪದವೊಂದಿದೆ ಎಂದು ಹುಡುಕಿದರೆ ನಿರ್ಧಾರ ಬೇಗ ಆಗುತ್ತದೆ.

ಅಭ್ಯಾಸದ ಮೊದಲ ವಾರಗಳಲ್ಲಿ ಟೈಮರ್ ಬೇಡ. ಹೆಚ್ಚಿನ ಉತ್ತರಗಳು ಸರಿಯಾಗತೊಡಗಿದ ಮೇಲೆ ಪ್ಯಾಸೇಜ್‌ಗೆ 12 ನಿಮಿಷ, ಅದು ಹಿಡಿತಕ್ಕೆ ಬಂದಾಗ 10, ಆಮೇಲೆ ಪರೀಕ್ಷೆಯ ಮಿತಿ ಎಂದು ಇಳಿಸುತ್ತಾ ಬನ್ನಿ. ಮಿತಿ ಇಳಿದಾಗ ತಪ್ಪುಗಳು ಹೆಚ್ಚಿದರೆ ಒಂದು ಹಂತ ಹಿಂದಕ್ಕೆ ಹೋಗಿ. ತಪ್ಪಾದ ಪ್ರತಿ ಪ್ರಶ್ನೆಗೂ ಸರಿಯುತ್ತರವನ್ನು ಸಮರ್ಥಿಸುವ ಸಾಲನ್ನೂ ನೀವು ಆರಿಸಿದ್ದನ್ನು ಕೆಡಿಸುವ ಪದವನ್ನೂ ಗುರುತಿಸಿ. ದಿನಕ್ಕೆ ಹತ್ತು ಪ್ಯಾಸೇಜ್ ಮಾಡಿ ಉತ್ತರಸೂಚಿ ನೋಡಿ ಮುಚ್ಚಿಡುವವರಿಗಿಂತ, ಎರಡೇ ಮಾಡಿ ಹೀಗೆ ಬಿಡಿಸಿ ನೋಡುವವರು ಮುಂದೆ ಹೋಗುತ್ತಾರೆ.

ಪರೀಕ್ಷೆಯ ದಿನ ಪ್ಯಾಸೇಜ್‌ಗಳನ್ನು ಕೊಟ್ಟ ಕ್ರಮದಲ್ಲೇ ಮಾಡಬೇಕೆಂದಿಲ್ಲ. ನಿಮಗೆ ಪರಿಚಿತ ವಿಷಯದಿಂದ ಆರಂಭಿಸಬಹುದು. ಒಂದು ಪ್ರಶ್ನೆ ಒಂದೂವರೆ ನಿಮಿಷ ದಾಟಿದರೆ ಗುರುತು ಹಾಕಿ ಮುಂದಕ್ಕೆ ನಡೆಯಿರಿ. ಕೊನೆಗೆ ಉಳಿದ ಪ್ರಶ್ನೆಗಳನ್ನು ಊಹಿಸಬೇಕೋ ಬೇಡವೋ ಎಂಬುದು ಅಂಕ ಕಡಿತದ ನಿಯಮವನ್ನು ಅವಲಂಬಿಸಿದೆ: ಎಲ್‌ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು, ಭಾರತದ ಮ್ಯಾನೇಜ್‌ಮೆಂಟ್ ವ್ಯಾಸಂಗದ ಕ್ಯಾಟ್‌ನಲ್ಲಾದರೆ ಬಹುಆಯ್ಕೆಯ ಪ್ರಶ್ನೆಗೆ ಸರಿಯುತ್ತರಕ್ಕೆ 3 ಅಂಕ ಸಿಕ್ಕಿ ತಪ್ಪಿಗೆ 1 ಅಂಕ ಹೋಗುತ್ತದೆ, ಅಲ್ಲಿ ನಾಲ್ಕರಲ್ಲಿ ಎರಡು ಆಯ್ಕೆಗಳನ್ನಾದರೂ ಕಾರಣಸಹಿತ ತಳ್ಳಿಹಾಕಿದ ನಂತರವಷ್ಟೇ ಊಹೆಗೆ ಕೈಹಾಕಿ.