ದಸರಾ ರಜೆಯಲ್ಲಿ ಮೂವತ್ತೆಂಟು ಕಂಪ್ಯೂಟರ್: ಲ್ಯಾಬ್‌ಗೆ ವಿಂಡೋಸ್ 11 ಹಾಕಿದ ನನ್ನ ಅನುಭವ

ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನನ್ನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಬಹಳ ಮೊದಲೇ ತಿಳಿದಿತ್ತಾದರೂ, ಪ್ರಾಯೋಗಿಕ ತರಗತಿಗಳು ನಡೆಯುತ್ತಿರುವಾಗ ಒಂದು ದಿನದ ಮಟ್ಟಿಗೂ ಲ್ಯಾಬ್ ಮುಚ್ಚುವಂತಿರಲಿಲ್ಲ. ಹಾಗಾಗಿ ದಸರಾ ರಜೆಗಾಗಿ ಕಾದೆ. ಆ ವರ್ಷ ಸೆಪ್ಟೆಂಬರ್ 22ಕ್ಕೆ ದಸರಾ ಆರಂಭವಾಗಿ ಅಕ್ಟೋಬರ್ 1ಕ್ಕೆ ಆಯುಧಪೂಜೆ ಬಂದಿತ್ತು. ಪೂಜೆಯ ದಿನ ಲ್ಯಾಬಿನ ಪ್ರತಿ ಯಂತ್ರಕ್ಕೂ ಅರಿಶಿನ ಕುಂಕುಮ ಇಟ್ಟು ಹೂ ಮುಡಿಸುವುದು ನಮ್ಮಲ್ಲಿ ರೂಢಿ. ಅಷ್ಟರೊಳಗೆ ಎಲ್ಲ ಯಂತ್ರಗಳೂ ಹೊಸ ವ್ಯವಸ್ಥೆಯೊಂದಿಗೆ ಸಿದ್ಧವಾಗಿರಬೇಕೆಂದು ಪ್ರಾಂಶುಪಾಲರಿಗೆ ಮಾತು ಕೊಟ್ಟಿದ್ದೆ.

ಲ್ಯಾಬಿನಲ್ಲಿ ಒಟ್ಟು 46 ಯಂತ್ರಗಳಿದ್ದವು. ಇಪ್ಪತ್ತು ಹೊಸವು, ಇಂಟೆಲ್‌ನ ಹನ್ನೆರಡನೇ ತಲೆಮಾರಿನ ಪ್ರೊಸೆಸರ್ ಇರುವಂಥವು. ಹದಿನೆಂಟು ಒಂಬತ್ತನೇ ತಲೆಮಾರಿನವು. ಉಳಿದ ಎಂಟು ನಾಲ್ಕನೇ ತಲೆಮಾರಿನ ಹಳೆಯವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಯುಇಎಫ್‌ಐನ (ಯಂತ್ರ ಶುರುವಾಗುವಾಗ ಮೊದಲು ಓಡುವ ಹೊಸ ಬಗೆಯ ಫರ್ಮ್‌ವೇರ್), ನಂಬಿಕಸ್ತ ತಂತ್ರಾಂಶವನ್ನಷ್ಟೇ ಏಳಗೊಡುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ರಿಜಿಸ್ಟ್ರಿ ತಿದ್ದಿ ಈ ತಪಾಸಣೆಯನ್ನು ದಾಟಿಸುವ ದಾರಿ ಇದೆಯೆಂಬುದು ನಿಜ, ಆದರೆ ಅಂಥ ಯಂತ್ರಗಳಿಗೆ ಮುಂದೆ ಪರಿಷ್ಕರಣೆಗಳು ಬಂದೇ ಬರುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮಕ್ಕಳು ನಿತ್ಯ ಕೈಯಾಡಿಸುವ ಯಂತ್ರವನ್ನು ಅಂಥ ಅನಿಶ್ಚಿತತೆಗೆ ಒಡ್ಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಆ ಎಂಟಕ್ಕೆ 2029ರವರೆಗೆ ಬೆಂಬಲವಿರುವ ಉಬುಂಟು 24.04 ಹಾಕಿ, ಪೈಥಾನ್ ಮತ್ತು ಸಿ ಅಭ್ಯಾಸಕ್ಕೆಂದು ಬೇರೆ ಸಾಲಿನಲ್ಲಿ ಇಟ್ಟೆ. ಅವುಗಳಿಂದ ಯಾವ ತೊಂದರೆಯೂ ಆಗಲಿಲ್ಲ.

ಉಳಿದ ಮೂವತ್ತೆಂಟಕ್ಕೆ ಪೆನ್ ಡ್ರೈವ್ ಹಿಡಿದು ಒಂದೊಂದೇ ಯಂತ್ರದ ಮುಂದೆ ಕೂರುವ ಬದಲು ನೆಟ್‌ವರ್ಕ್ ಮೂಲಕವೇ ಹಾಕಲು ನಿರ್ಧರಿಸಿದೆ. ನಮ್ಮ ಸರ್ವರ್‌ನಲ್ಲಿ ವಿಂಡೋಸ್ ಡಿಪ್ಲಾಯ್‌ಮೆಂಟ್ ಸರ್ವಿಸಸ್ ಮೊದಲಿನಿಂದಲೂ ಇತ್ತು. ವಿಂಡೋಸ್ 11ರ ಡಿಸ್ಕಿನಲ್ಲಿ ಬರುವ ಬೂಟ್ ಇಮೇಜನ್ನು (ಯಂತ್ರವನ್ನು ಎಬ್ಬಿಸುವ ಕಡತ) ನೇರವಾಗಿ ಅದರ ಮೂಲಕ ಬಳಸುವುದನ್ನು ಮೈಕ್ರೋಸಾಫ್ಟ್ ತಡೆದಿರುವುದರಿಂದ, ಎಡಿಕೆ ಎಂಬ ಮೈಕ್ರೋಸಾಫ್ಟ್ ಉಪಕರಣಗಳ ಕಟ್ಟಿನಿಂದ ನನ್ನದೇ ವಿನ್‌ಪಿಇ (ವಿಂಡೋಸ್ ಹಾಕುವ ಕೆಲಸಕ್ಕೆಂದು ಇರುವ ಪುಟ್ಟ ವಿಂಡೋಸ್) ಇಮೇಜ್ ಕಟ್ಟಿಕೊಂಡೆ. ಯಂತ್ರವು ನೆಟ್‌ವರ್ಕ್‌ನಿಂದ ಬೂಟ್ ಆಗಿ ವಿನ್‌ಪಿಇಗೆ ಬಂದ ಮೇಲೆ ಒಂದು ಸಣ್ಣ ಸ್ಕ್ರಿಪ್ಟ್ ಸರ್ವರ್‌ನ ಹಂಚಿಕೆ ಫೋಲ್ಡರಿಗೆ ಸಂಪರ್ಕ ಕಲ್ಪಿಸಿ, ಡಿಸ್ಕನ್ನು ಜಿಪಿಟಿ ಪದ್ಧತಿಯಲ್ಲಿ ಭಾಗ ಮಾಡಿ, ಸುಮಾರು 14 ಜಿಬಿಯ ವಿಂಡೋಸ್ ಇಮೇಜನ್ನು ಡಿಸ್ಮ್ ಆದೇಶದಿಂದ ಇಳಿಸಿ, ಕೊನೆಗೆ ಬೂಟ್ ಕಡತಗಳನ್ನು ಬರೆಯುತ್ತಿತ್ತು.

ಮೊದಲ ಅಡ್ಡಿ ಬಂದದ್ದು ಹಳೆಯ ಸಂರಚನೆಯೊಂದರಿಂದ. ಹಿಂದೆ ಎಲ್ಲ ಯಂತ್ರಗಳೂ ಯುಇಎಫ್‌ಐಗಿಂತ ಹಿಂದಿನ ಲೆಗಸಿ ಬಯಾಸ್‌ನಲ್ಲಿದ್ದಾಗ ನಾನೇ ರೂಟರ್‌ನ ಡಿಎಚ್‌ಸಿಪಿಯಲ್ಲಿ (ಯಂತ್ರಗಳಿಗೆ ಜಾಲದ ವಿಳಾಸ ಹಂಚುವ ಸೇವೆ) 66 ಮತ್ತು 67ನೇ ಆಯ್ಕೆಗಳಿಗೆ ಸರ್ವರ್‌ನ ವಿಳಾಸವನ್ನೂ ಬೂಟ್ ಕಡತದ ಹೆಸರನ್ನೂ ಬರೆದಿಟ್ಟಿದ್ದೆ. ಅದು ಬಯಾಸ್‌ಗೆ ಹೊಂದುವ ಕಡತ. ಯುಇಎಫ್‌ಐ ಯಂತ್ರಗಳು ಅದನ್ನೇ ಪಡೆದುಕೊಂಡು ಒಂದು ಸಾಲೂ ಹೇಳದೆ ಬೂಟ್ ಮೆನುಗೆ ಮರಳುತ್ತಿದ್ದವು. ಯಂತ್ರಗಳೂ ಸರ್ವರೂ ಒಂದೇ ಜಾಲದಲ್ಲಿದ್ದುದರಿಂದ ಆ ಎರಡು ಆಯ್ಕೆಗಳನ್ನೂ ತೆಗೆದುಹಾಕಿದೆ. ಆಮೇಲೆ ಯಂತ್ರ ಯಾವ ಬಗೆಯದೆಂದು ನೋಡಿಕೊಂಡು ಸರಿಯಾದ ಕಡತವನ್ನು ಸರ್ವರೇ ಕೊಡತೊಡಗಿತು.

ಇಲ್ಲಿಂದ ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಪರದೆಯ ಮೇಲೆ ಒಂದೇ ಮುಖ ಹೊತ್ತು ಬಂದವು: ವಿನ್‌ಪಿಇ ಬರುತ್ತದೆ, ಸ್ಕ್ರಿಪ್ಟ್ ಶುರುವಾಗುತ್ತದೆ, ‘ನೆಟ್‌ವರ್ಕ್ ಪಥ ಸಿಗಲಿಲ್ಲ’ ಎಂಬ ದೋಷದೊಂದಿಗೆ ನಿಲ್ಲುತ್ತದೆ. ಈಗಷ್ಟೇ ಅದೇ ಕೇಬಲ್ಲಿನಿಂದ ನೂರಾರು ಎಂಬಿಯ ಬೂಟ್ ಇಮೇಜ್ ಇಳಿಸಿಕೊಂಡ ಯಂತ್ರ ಮರುಕ್ಷಣ ನೆಟ್‌ವರ್ಕ್ ಇಲ್ಲವೆನ್ನುವುದು ಹೊಸಬರನ್ನು ದಿಕ್ಕು ತಪ್ಪಿಸುತ್ತದೆ. ಬೂಟ್ ಆಗುವವರೆಗೆ ನೆಟ್‌ವರ್ಕ್ ಕಾರ್ಡನ್ನು ನಡೆಸುವುದು ಫರ್ಮ್‌ವೇರ್‌ನೊಳಗಿರುವ ಪುಟ್ಟ ಡ್ರೈವರ್; ವಿನ್‌ಪಿಇ ಎದ್ದ ಮೇಲೆ ಅದರ ಕೆಲಸ ಮುಗಿದು, ವಿಂಡೋಸ್ ತನ್ನದೇ ಡ್ರೈವರಿನಿಂದ ಕಾರ್ಡನ್ನು ಹೊಸದಾಗಿ ಎಬ್ಬಿಸಬೇಕು. ಈ ಕೈಬದಲಾವಣೆಯ ಜಾಗದಲ್ಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಆ ಎಂಟು ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ‘ಐಪಿಕಾನ್ಫಿಗ್’ ಎಂಬ ಒಂದು ಆದೇಶ. ಯಂತ್ರ ನಿಂತಲ್ಲೇ ಅದನ್ನು ಕೊಟ್ಟು, ಬಂದ ಉತ್ತರ ನೋಡುವವರೆಗೆ ಬೇರೆ ಯಾವುದನ್ನೂ ಮುಟ್ಟಬಾರದೆಂದು ನಿಯಮ ಮಾಡಿಕೊಂಡೆ. ತಲೆಬರಹವಷ್ಟೇ ಬಂದು ಕೆಳಗೆ ಒಂದು ಅಡಾಪ್ಟರೂ ಕಾಣದಿದ್ದರೆ ಡ್ರೈವರ್ ಇಲ್ಲವೆಂದೇ ಅರ್ಥ. ಅಡಾಪ್ಟರ್ ಇದ್ದು 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಡ್ರೈವರ್ ಸರಿಯಿದೆ, ಆದರೆ ವಿಳಾಸ ಕೊಡುವವರ ದನಿ ಯಂತ್ರಕ್ಕೆ ಕೇಳಿಸಿಲ್ಲ. ಆಗ ಕೇಬಲ್, ಸ್ವಿಚ್ ಮತ್ತು ಡಿಎಚ್‌ಸಿಪಿಯ ಕಡೆ ಹೋಗಬೇಕು. ವಿಳಾಸ ಬಂದಿದ್ದು ಅದು ನಮ್ಮ ಜಾಲದ ಸರಣಿಗೆ ಸೇರದಿದ್ದರೆ, ಕೊಡುವವರು ಬೇರೆ ಯಾರೋ ಇದ್ದಾರೆ. ವಿಳಾಸವೂ ಸರಿಯಿದ್ದು ಫೋಲ್ಡರ್ ಮಾತ್ರ ಸಿಗದಿದ್ದರೆ ಸರ್ವರ್‌ನ ಹೆಸರು, ಪಾಸ್‌ವರ್ಡ್ ಅಥವಾ ಅನುಮತಿಯನ್ನು ನೋಡಬೇಕು. ಈ ನಾಲ್ಕು ಉತ್ತರಗಳಲ್ಲಿ ಮೊದಲ ಮೂರೂ ನನಗೆ ಆ ವಾರದಲ್ಲೇ ಎದುರಾದವು.

ಮೊದಲನೆಯದು ಹೊಸ ಇಪ್ಪತ್ತು ಯಂತ್ರಗಳಲ್ಲಿ. ನಾನು ಕಟ್ಟಿದ್ದ ವಿನ್‌ಪಿಇಯಲ್ಲಿ ಆ ಬೋರ್ಡಿನ ನೆಟ್‌ವರ್ಕ್ ಚಿಪ್‌ಗೆ ಡ್ರೈವರ್ ಇರಲಿಲ್ಲ. ಚಿಪ್ ಯಾವುದೆಂದು ಊಹಿಸುವ ಅಗತ್ಯವಿಲ್ಲ. ಪೆಟ್ಟಿಗೆಯೊಂದಿಗೆ ವಿಂಡೋಸ್ ಬಂದಿದ್ದ ಒಂದು ಯಂತ್ರದಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಹಾರ್ಡ್‌ವೇರ್ ಐಡಿ ನೋಡಿದೆ. ಅದರಲ್ಲಿ ತಯಾರಕರ ಸಂಕೇತ 8086 ಎಂದಿದ್ದರೆ ಇಂಟೆಲ್, 10ಇಸಿ ಎಂದಿದ್ದರೆ ರಿಯಲ್‌ಟೆಕ್; ನಮ್ಮದು ರಿಯಲ್‌ಟೆಕ್. ಡ್ರೈವರ್ ಇಳಿಸಿಕೊಂಡರೆ ಅದು ಒಂದೇ ಇಎಕ್ಸ್‌ಇ ಕಡತವಾಗಿ ಬರುತ್ತದೆ. ವಿನ್‌ಪಿಇಗೆ ಬೇಕಾದದ್ದು ಅದರೊಳಗಿನ ಐಎನ್‌ಎಫ್, ಎಸ್‌ವೈಎಸ್ ಮತ್ತು ಸಿಎಟಿ ಕಡತಗಳು. ಅವನ್ನು ಬಿಡಿಸಿ ಪೆನ್ ಡ್ರೈವ್‌ಗೆ ಹಾಕಿ, ಮೊದಲು ಒಂದು ಯಂತ್ರದಲ್ಲಿ ‘ಡಿಆರ್‌ವಿಲೋಡ್’ ಆದೇಶದಿಂದ ತಾತ್ಕಾಲಿಕವಾಗಿ ಏರಿಸಿ ನೋಡಿದೆ. ಅಡಾಪ್ಟರ್ ಕಾಣಿಸಿಕೊಂಡಿತು, ವಿಳಾಸವೂ ಬಂತು. ಇದೇ ಸರಿಯಾದ ಡ್ರೈವರ್ ಎಂದು ಖಚಿತವಾದ ಮೇಲೆಯೇ ಅದನ್ನು ಬೂಟ್ ಇಮೇಜಿನೊಳಗೆ ಶಾಶ್ವತವಾಗಿ ಸೇರಿಸಿದೆ. ಇಮೇಜ್ ಕಟ್ಟಿ, ಸರ್ವರ್‌ಗೆ ಏರಿಸಿ, ಆಮೇಲೆ ಅದು ಬೇರೆ ಡ್ರೈವರೆಂದು ತಿಳಿಯುವುದಕ್ಕೆ ಅರ್ಧ ದಿನ ಹೋಗುತ್ತದೆ. ಡಿಆರ್‌ವಿಲೋಡ್‌ನಿಂದ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ನೆಟ್‌ವರ್ಕ್ ಬಂದ ಕೂಡಲೇ ಅದೇ ಯಂತ್ರಗಳು ಇನ್ನೊಂದು ಕಡೆ ನಿಂತವು. ಡಿಸ್ಕುಗಳ ಪಟ್ಟಿ ಕೇಳಿದರೆ ಖಾಲಿ. ಎಸ್‌ಎಸ್‌ಡಿ ಬಯಾಸ್‌ನಲ್ಲಿ ಕಾಣುತ್ತಿತ್ತು, ವಿನ್‌ಪಿಇಗೆ ಕಾಣುತ್ತಿರಲಿಲ್ಲ. ಇಂಟೆಲ್‌ನ ಹನ್ನೊಂದನೇ ತಲೆಮಾರಿನಿಂದ ಈಚಿನ ಅನೇಕ ಯಂತ್ರಗಳಲ್ಲಿ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗಳು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತವೆ, ಇಂಟೆಲ್‌ನ ರಾಪಿಡ್ ಸ್ಟೋರೇಜ್ ಡ್ರೈವರ್ ಇಲ್ಲದೆ ಅವು ಕಾಣುವುದಿಲ್ಲ. ಬಯಾಸ್‌ನಲ್ಲಿ ವಿಎಂಡಿಯನ್ನೇ ಆರಿಸಿಬಿಡುವುದು ಸುಲಭ. ಆದರೆ ಮುಂದೆ ಯಾರಾದರೂ ಬಯಾಸನ್ನು ಮೂಲ ಸ್ಥಿತಿಗೆ ಮರಳಿಸಿದರೆ, ಅಥವಾ ಬ್ಯಾಟರಿ ಸತ್ತು ಅದೇ ಮರಳಿದರೆ, ವಿಂಡೋಸ್ ಏಳದೇ ಹೋಗಬಹುದೆಂದು ಯೋಚಿಸಿ ಡ್ರೈವರ್ ಸೇರಿಸುವ ದಾರಿಯನ್ನೇ ಹಿಡಿದೆ. ಇಲ್ಲಿ ನನ್ನದೊಂದು ತಪ್ಪಾಯಿತು. ವಿನ್‌ಪಿಇಗೆ ಡ್ರೈವರ್ ಸೇರಿಸಿದೆ, ಇಳಿಸುವ ವಿಂಡೋಸ್ ಇಮೇಜಿಗೆ ಸೇರಿಸಲಿಲ್ಲ. ಇಮೇಜ್ ಪೂರ್ತಿಯಾಗಿ ಇಳಿಯಿತು, ಯಂತ್ರ ಮರುಆರಂಭವಾಯಿತು, ‘ಇನ್ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂತು. ಇಮೇಜ್ ಇಳಿದ ನಂತರ, ಮರುಆರಂಭಕ್ಕೆ ಮುಂಚೆ, ಡಿಸ್ಮ್ ಆದೇಶದಿಂದ ಆ ಡಿಸ್ಕಿನ ವಿಂಡೋಸ್‌ಗೂ ಅದೇ ಡ್ರೈವರ್ ಫೋಲ್ಡರನ್ನು ಸೇರಿಸುವ ಒಂದು ಸಾಲನ್ನು ಸ್ಕ್ರಿಪ್ಟ್‌ಗೆ ಹಾಕಿದ ಮೇಲೆ ಆ ಪರದೆ ಮತ್ತೆ ಕಾಣಲಿಲ್ಲ.

ಐದನೇ ದಿನ ಬೆಳಿಗ್ಗೆ ನಮ್ಮ ಲ್ಯಾಬ್ ಅಟೆಂಡರ್ ಬಂದು, “ಸಾರ್, ಮೂರನೇ ಸಾಲು ಪೂರ್ತಿ ನಿಂತೋಗವೆ. ಎರಡನೇ ಸಾಲೂ ಇವೇ ಮಿಸೀನು, ಅವು ಚೆನ್ನಾಗವೆ” ಎಂದರು. ಆ ಮಾತಿನಲ್ಲೇ ಅರ್ಧ ಉತ್ತರವಿತ್ತು. ಎರಡೂ ಸಾಲುಗಳಲ್ಲಿದ್ದವು ಒಂಬತ್ತನೇ ತಲೆಮಾರಿನ ಒಂದೇ ಮಾದರಿಯ ಯಂತ್ರಗಳು, ಇಂಟೆಲ್‌ನದೇ ನೆಟ್‌ವರ್ಕ್ ಚಿಪ್. ಡ್ರೈವರಿನದು ದೋಷವಾಗಿದ್ದರೆ ಎರಡೂ ಸಾಲು ನಿಲ್ಲಬೇಕಿತ್ತು. ಐಪಿಕಾನ್ಫಿಗ್ ಕೊಟ್ಟರೆ 169.254ರ ವಿಳಾಸ. ಒಂದು ನಿಮಿಷ ಸುಮ್ಮನಿದ್ದು ವಿಳಾಸವನ್ನು ನವೀಕರಿಸಲು ಕೇಳಿದರೆ ಸರಿಯಾದ ವಿಳಾಸ ಬರುತ್ತಿತ್ತು. ಅಂದರೆ ದಾರಿ ಮುಚ್ಚಿಲ್ಲ, ತಡವಾಗಿ ತೆರೆಯುತ್ತಿದೆ. ಮೂರನೇ ಸಾಲಿನ ಕೇಬಲ್‌ಗಳು ಮಾತ್ರ ಆ ವರ್ಷ ತಂದ ಹೊಸ ಮ್ಯಾನೇಜ್ಡ್ (ಪೋರ್ಟುಗಳ ಸಂರಚನೆ ಬದಲಿಸಬಹುದಾದ) ಸ್ವಿಚ್‌ಗೆ ಹೋಗಿದ್ದವು.

ನಂಬಿಕೆ ಬರಲೆಂದು ಒಂದು ಪರೀಕ್ಷೆ ಮಾಡಿದೆ. ಕಪಾಟಿನಲ್ಲಿದ್ದ ಐದು ಪೋರ್ಟಿನ ಸಾಧಾರಣ ಸ್ವಿಚ್ ಒಂದನ್ನು ತಂದು ಯಂತ್ರಕ್ಕೂ ಮ್ಯಾನೇಜ್ಡ್ ಸ್ವಿಚ್‌ಗೂ ನಡುವೆ ಸಿಕ್ಕಿಸಿದೆ. ಆ ಯಂತ್ರ ಎಲ್ಲಿಯೂ ನಿಲ್ಲದೆ ಇಮೇಜ್ ಇಳಿಸಲು ತೊಡಗಿತು. ಕಾರಣ ಸ್ಪ್ಯಾನಿಂಗ್ ಟ್ರೀ. ಜಾಲದಲ್ಲಿ ಕೇಬಲ್ ಸುತ್ತುಬಳಸಿ ಕುಣಿಕೆಯಾಗದಂತೆ ಕಾಯುವ ಈ ವ್ಯವಸ್ಥೆಯ ಹಳೆಯ ಪದ್ಧತಿಯಲ್ಲಿ, ಪೋರ್ಟಿಗೆ ಸಂಪರ್ಕ ಬಂದಾಗಲೆಲ್ಲ 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ಒಟ್ಟು 30 ಸೆಕೆಂಡಿನ ನಂತರವೇ ಸ್ವಿಚ್ ಆ ಪೋರ್ಟಿನಲ್ಲಿ ದತ್ತಾಂಶ ಬಿಡುತ್ತದೆ. ಫರ್ಮ್‌ವೇರ್ ಹಲವು ಸಲ ವಿಳಾಸ ಕೇಳುತ್ತ ಆ ಅವಧಿಯನ್ನು ಹೇಗೋ ದಾಟುತ್ತಿತ್ತು. ವಿನ್‌ಪಿಇಯ ಡ್ರೈವರ್ ಕಾರ್ಡನ್ನು ಹೊಸದಾಗಿ ಎಬ್ಬಿಸಿದಾಗ ಸಂಪರ್ಕ ಒಂದು ಕ್ಷಣ ಕಡಿದು ಮತ್ತೆ ಕೂಡುತ್ತದೆ, 30 ಸೆಕೆಂಡಿನ ಎಣಿಕೆ ಮೊದಲಿನಿಂದ ಶುರುವಾಗುತ್ತದೆ, ಅಷ್ಟರಲ್ಲಿ ನನ್ನ ಸ್ಕ್ರಿಪ್ಟ್ ಫೋಲ್ಡರ್ ಹುಡುಕಿ ಸೋತಿರುತ್ತದೆ. ನಡುವೆ ಸಾಧಾರಣ ಸ್ವಿಚ್ ಇದ್ದಾಗ ಮ್ಯಾನೇಜ್ಡ್ ಸ್ವಿಚ್‌ನ ಕಡೆಯ ಸಂಪರ್ಕ ಕಡಿಯುವುದೇ ಇಲ್ಲ. ಯಂತ್ರಗಳಿಗೆ ಹೋಗುವ ಪೋರ್ಟುಗಳನ್ನಷ್ಟೇ ಎಡ್ಜ್ ಪೋರ್ಟ್ (ಈ ಕಾಯುವಿಕೆಯಿಲ್ಲದೆ ತೆರೆಯುವ ಪೋರ್ಟ್) ಎಂದು ಗುರುತಿಸಿದೆ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟನ್ನು ಮುಟ್ಟಲಿಲ್ಲ. ಸ್ಪ್ಯಾನಿಂಗ್ ಟ್ರೀಯನ್ನೇ ಪೂರ್ತಿ ಆರಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ವಿದ್ಯಾರ್ಥಿಯೊಬ್ಬ ಕೇಬಲ್ಲಿನ ಎರಡೂ ತುದಿಗಳನ್ನು ಗೋಡೆಯ ಎರಡು ಪೋರ್ಟುಗಳಿಗೆ ಸಿಕ್ಕಿಸಿ ಇಡೀ ಜಾಲ ಕುಸಿದದ್ದನ್ನು ಒಮ್ಮೆ ಕಂಡ ನಾನು ಆ ಸಲಹೆಯನ್ನು ಒಪ್ಪುವುದಿಲ್ಲ.

ಅದೇ ಸಂಜೆ ಮೊದಲ ಸಾಲಿನ ಎರಡು ಯಂತ್ರಗಳಿಗೆ 192.168.0ರ ಸರಣಿಯ ವಿಳಾಸ ಬಂತು. ನಮ್ಮ ಜಾಲ ಇರುವುದು 10ರಿಂದ ಶುರುವಾಗುವ ಸರಣಿಯಲ್ಲಿ. ವಿವರವಾದ ಐಪಿಕಾನ್ಫಿಗ್‌ನಲ್ಲಿ ವಿಳಾಸ ಕೊಟ್ಟ ಡಿಎಚ್‌ಸಿಪಿ ಸರ್ವರ್ ಯಾವುದೆಂಬುದೂ ಇರುತ್ತದೆ. ಅದರ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ), ಐಪಿ ವಿಳಾಸದ ಎದುರು ಮ್ಯಾಕ್ ತೋರಿಸುವ ಎಆರ್‌ಪಿ ಪಟ್ಟಿಯಲ್ಲಿ ಹಿಡಿದು, ಸ್ವಿಚ್‌ನ ಪಟ್ಟಿಯಲ್ಲಿ ಅದು ಯಾವ ಪೋರ್ಟಿನ ಹಿಂದಿದೆಯೆಂದು ನೋಡಿ, ಆ ಕೇಬಲ್ ಹಿಡಿದು ಹೋದರೆ ಪಕ್ಕದ ಕೊಠಡಿಯ ಬೀರುವಿನ ಹಿಂದೆ ಒಂದು ವೈಫೈ ರೂಟರ್ ಇತ್ತು. ಫೋನಿಗೆ ವೈಫೈ ಸಿಗಲೆಂದು ಯಾರೋ ತಂದಿಟ್ಟು, ನಮ್ಮ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ್ದರು. ಅದರ ಡಿಎಚ್‌ಸಿಪಿಯನ್ನು ಆರಿಸಿ, ಅವರಿಗೆ ವಿಷಯ ತಿಳಿಸಿ, ರೂಟರನ್ನು ಅಲ್ಲೇ ಬಿಟ್ಟೆ. ಅವರ ಅಗತ್ಯವೂ ನಿಜವಾದದ್ದೇ.

ಕೊನೆಗೆ ಉಳಿದದ್ದು ಹದಿನೇಳನೇ ಸಂಖ್ಯೆಯ ಯಂತ್ರ. ಉಳಿದವುಗಳಿಗೆ ಐದೈದರ ತಂಡದಲ್ಲಿ ಇಮೇಜ್ ಇಳಿಯಲು ಹದಿನೈದು ನಿಮಿಷವೂ ಬೇಕಾಗದಿದ್ದರೆ, ಇದೊಂದಕ್ಕೇ ಇಪ್ಪತ್ತೈದು ನಿಮಿಷವಾದರೂ ಮುಗಿದಿರಲಿಲ್ಲ. ಸಂಪರ್ಕದ ವೇಗ ನೋಡಿದರೆ 1 ಗಿಗಾಬಿಟ್ ಬದಲು 100 ಮೆಗಾಬಿಟ್. 100 ಮೆಗಾಬಿಟ್‌ಗೆ ಕೇಬಲ್ಲಿನ ನಾಲ್ಕು ಜೋಡಿಗಳಲ್ಲಿ ಎರಡು ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನೀಲಿ ಮತ್ತು ಕಂದು ಜೋಡಿಗಳೂ ಬೇಕು. ಎಲ್‌ಇಡಿ ಟೆಸ್ಟರ್ ಸಿಕ್ಕಿಸಿದಾಗ ಒಂದರಿಂದ ಆರರವರೆಗೆ ದೀಪ ಹತ್ತಿತು. “ಏಳಕ್ಕೆ ಲೈಟೇ ಬತ್ತಿಲ್ಲ ಸಾರ್” ಎಂದು ಆ ತುದಿಯಿಂದ ಅಟೆಂಡರ್ ಕೂಗಿದರು. ಏಳು ಎಂದರೆ ಬಿಳಿ-ಕಂದು ತಂತಿ. ಬೆಂಚಿನ ಕಾಲಿನ ಹಿಂದೆ ಇಲಿ ಕಡಿದ ಗುರುತು ಸಿಕ್ಕಿತು. ಹೊರಗಿನ ಬೂದು ಹೊದಿಕೆ ಹೆಬ್ಬೆರಳ ಉಗುರಿನಷ್ಟು ಅಗಲ ಹೋಗಿ, ಒಳಗೆ ಒಂದೇ ಒಂದು ತಂತಿ ತುಂಡಾಗಿತ್ತು. ಅಷ್ಟು ಭಾಗ ಕತ್ತರಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ತಂತಿಗಳನ್ನು ನೇರ ಮಾಡಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದೆ.

ಎಲ್ಲ ಯಂತ್ರಗಳಲ್ಲೂ ಹಳದಿ ಚಿಹ್ನೆಯೊಂದಿಗೆ ಉಳಿದಿದ್ದ ಸಣ್ಣಪುಟ್ಟ ಸಾಧನಗಳು ಚಿಪ್‌ಸೆಟ್ ಡ್ರೈವರ್ ಹಾಕಿದ ಕೂಡಲೇ ಸರಿಯಾದವು. ಹಠ ಹಿಡಿದ ಒಂದೆರಡರ ಕಾರಣ ವಿಂಡೋಸ್‌ನ ಐಎನ್‌ಎಫ್ ಫೋಲ್ಡರಿನಲ್ಲಿರುವ ಸೆಟಪ್‌ಎಪಿಐ ಲಾಗ್‌ನಲ್ಲಿ, ಮೂರು ಆಶ್ಚರ್ಯಸೂಚಕಗಳಿಂದ ಶುರುವಾಗುವ ಸಾಲುಗಳಲ್ಲಿ ಸಿಕ್ಕಿತು. ಕನ್ನಡ ವಿಭಾಗದವರ ಹಳೆಯ ಕಡತಗಳು ತುಂಗಾ ಫಾಂಟ್‌ನಲ್ಲಿದ್ದುದರಿಂದ, ಈಗ ಐಚ್ಛಿಕ ಸೌಲಭ್ಯವಾಗಿರುವ ಕನ್ನಡದ ಪೂರಕ ಫಾಂಟ್‌ಗಳನ್ನು ಇಮೇಜಿಗೆ ಮೊದಲೇ ಸೇರಿಸಿದ್ದೆ. ನುಡಿ ತಂತ್ರಾಂಶವನ್ನೂ ಹಾಕಿದ್ದೆ.

ಸೆಪ್ಟೆಂಬರ್ 30ರ ಸಂಜೆ ಹದಿನೇಳನೇ ಯಂತ್ರವೂ ಗಿಗಾಬಿಟ್ ವೇಗದಲ್ಲಿ ಇಮೇಜ್ ಇಳಿಸಿ ಮುಗಿಸಿತು, ಮರುದಿನ ಪೂಜೆ ನಡೆಯಿತು. ಸೆಕ್ಯೂರ್ ಬೂಟ್‌ಗೆಂದು ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುವುದರಿಂದ, ಒಂಬತ್ತನೇ ತಲೆಮಾರಿನ ಆ ಹದಿನೆಂಟು ಯಂತ್ರಗಳಿಗೆ ಹೊಸ ಪ್ರಮಾಣಪತ್ರಗಳು ಸೇರಿವೆಯೇ, ಅದಕ್ಕೆ ಬಯಾಸ್ ಪರಿಷ್ಕರಣೆ ಬೇಕೇ ಎಂದು ಒಂದೊಂದನ್ನೂ ನೋಡಿ, ಮಾದರಿ ಸಂಖ್ಯೆಯ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ಕಾಲೇಜು ಮತ್ತೆ ತೆರೆದ ವಾರದಲ್ಲೇ ಆರಂಭಿಸಿದೆ.