ಬೇಸ್ ಬೇಕು, ಗಡಗಡ ಬೇಡ: ಕಾರಿಗೆ ಎಷ್ಟು ವ್ಯಾಟ್ ಸಬ್‌ವೂಫರ್?

ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಕೆಲವು ಕಾರುಗಳಿಂದ ಹಾಡಿಗಿಂತ ಮೊದಲು ನಂಬರ್ ಪ್ಲೇಟಿನ ಸದ್ದು ಕೇಳಿಸುತ್ತದೆ. ದುಡ್ಡು ಕೊಟ್ಟು ತಂದ ವ್ಯಾಟ್‌ಗಳೆಲ್ಲ ತಗಡು ಅಲ್ಲಾಡಿಸುವುದಕ್ಕೇ ಖರ್ಚಾಗುತ್ತಿರುತ್ತವೆ. ಬೇಸ್ ಸಾಲುತ್ತಿಲ್ಲ ಎಂದುಕೊಂಡು ಮಾಲೀಕರು ಇನ್ನೂ ದೊಡ್ಡ ಆಂಪ್ಲಿಫೈಯರ್ ಹಾಕಿಸುತ್ತಾರೆ, ತಗಡು ಇನ್ನಷ್ಟು ಕುಣಿಯುತ್ತದೆ. ನನ್ನ ಲೆಕ್ಕದಲ್ಲಿ ಸಣ್ಣ ಹ್ಯಾಚ್‌ಬ್ಯಾಕ್‌ನ ಸಬ್‌ವೂಫರ್‌ಗೆ (ಬೇಸ್‌ಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) 250ರಿಂದ 300 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಸಿಗುವ ಶಕ್ತಿ, ಧಾರಾಳವಾಯಿತು. ಅದರಾಚೆ ಸುರಿಯುವ ಹಣವನ್ನು ಡಿಕ್ಕಿಯ ಬಾಗಿಲಿಗೆ ಹಾಕಿದರೆ ಕಿವಿಗೆ ಹೆಚ್ಚು ಲಾಭ.

ಡಬ್ಬದ ಮೇಲಿನ ದೊಡ್ಡ ಅಂಕಿ ಮರೆತುಬಿಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಾವಿರ, ಸಾವಿರದ ಮುನ್ನೂರು ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಡಬ್ಬಗಳು ಸಾಲಾಗಿ ಕೂತಿರುತ್ತವೆ. ಅದು ಪೀಕ್ ಪವರ್, ಕ್ಷಣಮಾತ್ರಕ್ಕೆ ತಡೆದುಕೊಳ್ಳುವ ಮಟ್ಟ. ಡಬ್ಬ ತಿರುಗಿಸಿ ಸಣ್ಣಕ್ಷರದಲ್ಲಿರುವ ಆರ್‌ಎಂಎಸ್ ಅಂಕಿ ಹುಡುಕಿ. ಗಂಟೆಗಟ್ಟಲೆ ಹಾಡು ಹಾಕಿದಾಗ ಲೆಕ್ಕಕ್ಕೆ ಬರುವುದು ಅದೊಂದೇ. ಆಂಪ್ (ಆಂಪ್ಲಿಫೈಯರ್) ಕೊಳ್ಳುವಾಗ ‘ಸಿಇಎ-2006’ (ಈಗಿನ ಹೆಸರು ಸಿಟಿಎ-2006) ಎಂಬ ಗುರುತಿದ್ದರೆ ಒಳ್ಳೆಯದು. 14.4 ವೋಲ್ಟ್‌ನಲ್ಲಿ, 4 ಓಮ್ ಹೊರೆಗೆ (ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ), ಶೇ 1ಕ್ಕಿಂತ ಹೆಚ್ಚು ಸದ್ದು ಕೆಡದಂತೆ ಎಷ್ಟು ವ್ಯಾಟ್ ಬರುತ್ತದೆ ಎಂದು ಅಳೆದು ಬರೆದ ಅಂಕಿ ಅದು.

ಇನ್ನು ವ್ಯಾಟ್ ಜಾಸ್ತಿಯಾದರೆ ಸದ್ದೂ ಅಷ್ಟೇ ಜಾಸ್ತಿಯಾಗುತ್ತದೆ ಎಂಬ ನಂಬಿಕೆ. 300 ವ್ಯಾಟ್ ಇದ್ದದ್ದನ್ನು 600 ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ, ಗಮನವಿಟ್ಟು ಕೇಳಿದರೆ ತಿಳಿಯುವಷ್ಟು ವ್ಯತ್ಯಾಸ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಸಣ್ಣ ಕಾರಿನ ಒಳಜಾಗವೇ ತೀರಾ ಕೆಳಗಿನ ಬೇಸನ್ನು ತಾನಾಗಿ ಎತ್ತಿಕೊಡುತ್ತದೆ. ಮನೆಯ ಹಾಲ್‌ನಲ್ಲಿ ಬಡಕಲು ಅನ್ನಿಸುವ ಸಬ್ ಕಾರಿನಲ್ಲಿ ತುಂಬಿಕೊಳ್ಳುವುದು ಇದೇ ಕಾರಣಕ್ಕೆ. ಡಿಕ್ಕಿಯ ಜಾಗ ಬಿಟ್ಟುಕೊಡಲು ಮನೆಯವರು ಒಪ್ಪದಿದ್ದರೆ ಸೀಟಿನ ಕೆಳಗೆ ಕೂರುವ 8 ಇಂಚಿನದು ಸಾಕು. ಅದರಲ್ಲಿ ಆಂಪ್ ಒಳಗೇ ಇರುತ್ತದೆ.

ಓಮ್ ಹೊಂದಾಣಿಕೆಯನ್ನು ಕೊಳ್ಳುವ ಮೊದಲೇ ನೋಡಿ. ಎರಡು 4 ಓಮ್ ಕಾಯಿಲ್ ಇರುವ ಸಬ್ ಅನ್ನು ಪ್ಯಾರಲಲ್ ಆಗಿ ಜೋಡಿಸಿದರೆ 2 ಓಮ್, ಸೀರೀಸ್ ಆದರೆ 8 ಓಮ್. ಆಂಪ್ 2 ಓಮ್‌ಗೆ ಒಗ್ಗದಿದ್ದರೆ ಬಿಸಿಯಾಗಿ ತನ್ನಷ್ಟಕ್ಕೆ ಆಫ್ ಆಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ.

ಬ್ಯಾಟರಿಯನ್ನೂ ಕೇಳಿ

300 ವ್ಯಾಟ್ ಕೊಡುವ ಡಿ-ಕ್ಲಾಸ್ ಆಂಪ್ ಶೇ 80ರಷ್ಟು ದಕ್ಷ ಎಂದಿಟ್ಟುಕೊಂಡರೆ ಪೂರ್ತಿ ದುಡಿಯುವಾಗ ಸುಮಾರು 27 ಆಂಪಿಯರ್ ಎಳೆಯುತ್ತದೆ. ಅದೇ ಸಾವಿರ ವ್ಯಾಟ್ ಆದರೆ 90 ಆಂಪಿಯರ್. ಸಣ್ಣ ಕಾರಿನ ಆಲ್ಟರ್ನೇಟರ್ ಒಟ್ಟಾರೆ ಉತ್ಪಾದಿಸುವುದೇ ಹೆಚ್ಚುಕಡಿಮೆ ಅಷ್ಟು, ಅದರಲ್ಲೇ ಹೆಡ್‌ಲೈಟು, ಎ.ಸಿ. ಫ್ಯಾನು ಎಲ್ಲ ನಡೆಯಬೇಕು. ಹಾಡು ಸದಾ ಪೂರ್ತಿ ಶಕ್ತಿ ಕೇಳುವುದಿಲ್ಲ ನಿಜ. ಆದರೆ ಪ್ರತಿ ಬೀಟಿಗೂ ಹೆಡ್‌ಲೈಟ್ ಮಂಕಾಗುತ್ತಿದ್ದರೆ ಗಾಡಿ ತನ್ನ ಮಿತಿ ಹೇಳುತ್ತಿದೆ ಎಂದೇ ತಿಳಿಯಿರಿ.

300 ವ್ಯಾಟ್‌ಗೆ 8 ಗೇಜ್‌ನ ಶುದ್ಧ ತಾಮ್ರದ ವೈರು ಸಾಕು. ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದನ್ನೇ ಬಳಸುವುದಾದರೆ ಒಂದು ದರ್ಜೆ ದಪ್ಪದ್ದು ಹಾಕಿಸಿ. 40 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಡಿಕ್ಕಿಯಲ್ಲಿ ಆಂಪ್ ಪಕ್ಕ ಫ್ಯೂಸ್ ಹಾಕಿ ಕೈತೊಳೆದುಕೊಳ್ಳುವ ಮೆಕ್ಯಾನಿಕ್‌ಗೆ ಇದನ್ನು ಎದುರೇ ನಿಂತು ಹೇಳಿ. ದಾರಿಯಲ್ಲೆಲ್ಲೋ ವೈರ್ ಸುಲಿದು ಕಾರಿನ ತಗಡಿಗೆ ತಾಗಿದರೆ ಆ ಫ್ಯೂಸ್ ಏನೂ ಮಾಡಲಾರದು, ಬೆಂಕಿ ಹತ್ತುತ್ತದೆ.

ಗೇನ್ ತಿರುಗಿಸುವ ಮುನ್ನ

ಆಂಪ್ ಮೇಲಿನ ಗೇನ್ ಗುಂಡಿ ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವುದಷ್ಟೇ ಅದರ ಕೆಲಸ. ಸಬ್‌ನ ವೈರ್ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆಗಿಳಿಸಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು 50 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ. ಮಲ್ಟಿಮೀಟರನ್ನು ಎ.ಸಿ. ವೋಲ್ಟ್‌ಗಿಟ್ಟು ಆಂಪ್‌ನ ಔಟ್‌ಪುಟ್‌ಗೆ ಹಿಡಿಯಿರಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬರಬೇಕಾದ ವೋಲ್ಟ್ ಸಿಗುತ್ತದೆ. 300 ವ್ಯಾಟ್, 4 ಓಮ್ ಆದರೆ 34.6. 2 ಓಮ್ ಆದರೆ 24.5. ಗೇನನ್ನು ಕನಿಷ್ಠದಿಂದ ನಿಧಾನವಾಗಿ ಏರಿಸುತ್ತ ಹೋಗಿ, ಮೀಟರ್ ಅಷ್ಟು ತೋರಿಸಿದ ಕೂಡಲೇ ನಿಲ್ಲಿಸಿ. ಮನೆಯ ಕರೆಂಟು 50 ಹರ್ಟ್ಸ್‌ನದೇ ಆದ್ದರಿಂದ ಅಗ್ಗದ ಮೀಟರ್ ಕೂಡ ಈ ಟೋನನ್ನು ನಂಬುವಂತೆ ಅಳೆಯುತ್ತದೆ. ಸಬ್‌ಗೆ ಕೆಳಗಿನ ಸ್ವರಗಳನ್ನಷ್ಟೇ ಬಿಡುವ ಲೋ-ಪಾಸ್ ಫಿಲ್ಟರ್ 80 ಹರ್ಟ್ಸ್‌ನಲ್ಲಿರಲಿ.

ಈಗ ಗಡಗಡದ ಬೇಟೆ

ಮೊದಲು ಕಾರು ಖಾಲಿ ಮಾಡಿ: ಚಿಲ್ಲರೆ, ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ದೇವರ ಮೂರ್ತಿ ಎಲ್ಲ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಲ್ಲಿ 20 ಹರ್ಟ್ಸ್‌ನಿಂದ 120ರವರೆಗೆ ನಿಧಾನವಾಗಿ ಏರಿಸುತ್ತ ಹೋಗಿ, ಇನ್ನೊಬ್ಬರು ಕಾರಿನ ಸುತ್ತ ಕೈಯಾಡಿಸಲಿ. ಬೇಸ್ ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ, ಆದರೆ ತಗಡಿನ ‘ಜರ್ರ್’ ಎಂಬ ಸದ್ದು ತೀಕ್ಷ್ಣವಾದ್ದರಿಂದ ಅದರ ಜಾಗ ಸಿಕ್ಕಿಬೀಳುತ್ತದೆ. ಅಂಗೈಯಿಂದ ಒತ್ತಿದಾಗ ಸದ್ದು ನಿಂತರೆ ಕಳ್ಳ ಅಲ್ಲೇ ಇದ್ದಾನೆ. ಅಲ್ಲೊಂದು ಮಾಸ್ಕಿಂಗ್ ಟೇಪ್ ಅಂಟಿಸಿ ಹರ್ಟ್ಸ್ ಬರೆದಿಡಿ. ಒಂದು ಸದ್ದು ಹೋದಮೇಲಷ್ಟೇ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳಿಸುವುದರಿಂದ ಇದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಹ್ಯಾಚ್‌ಬ್ಯಾಕ್‌ನಲ್ಲಿ ಮೊದಲ ಅನುಮಾನ ನಂಬರ್ ಪ್ಲೇಟಿನ ಮೇಲೆ. ಹಿಂದೆಲ್ಲ ಎರಡು ಸ್ಕ್ರೂ ಬಿಚ್ಚಿ ಹಿಂಬದಿಗೆ ಫೋಮ್ ಅಂಟಿಸಿದರೆ ಮುಗಿಯುತ್ತಿತ್ತು. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟಿನ ಸ್ನ್ಯಾಪ್ ಲಾಕ್ ಒಮ್ಮೆ ತೆಗೆದರೆ ಮುರಿಯುತ್ತದೆ, ಮತ್ತೆ ಹಾಕಲಾಗದು. ಹಾಗಾಗಿ ಅದನ್ನು ಮುಟ್ಟಲೇಬೇಡಿ. 3-5 ಮಿ.ಮೀ. ದಪ್ಪದ, ನೀರು ಹೀರದ ಕ್ಲೋಸ್ಡ್ ಸೆಲ್ ಫೋಮನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಐಸ್‌ಕ್ರೀಂ ಕಡ್ಡಿಯಿಂದ ಪ್ಲೇಟಿನ ಅಂಚುಗಳ ಹಿಂದಕ್ಕೆ ತೂರಿಸಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಮೇಲೊಂದು ಕೆಳಗೊಂದು.

ಪಾರ್ಸೆಲ್ ಟ್ರೇ ಕೂರುವ ಅಂಚುಗಳಿಗೆ ಫೆಲ್ಟ್ ಟೇಪ್, ಜಾಕ್ ಮತ್ತು ಸ್ಪ್ಯಾನರಿಗೆ ಹಳೇ ಟವೆಲ್ ಸುತ್ತಿದರಾಯಿತು. ಸ್ಟೆಪ್ನಿಯ ಬೋಲ್ಟ್ ಬಿಗಿ ಮಾಡಿ. ಡಿಕ್ಕಿ ಬಾಗಿಲೇ ಅಲ್ಲಾಡುತ್ತಿದ್ದರೆ ಅದರ ಎರಡು ಬದಿಯ ರಬ್ಬರ್ ಗುಬ್ಬಿಗಳನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ. ಬಾಗಿಲು ಹಾಕಲು ಕಷ್ಟವಾದರೆ ಜಾಸ್ತಿಯಾಯಿತು ಎಂದರ್ಥ.

ಡಿಕ್ಕಿ ಬಾಗಿಲಿನ ಒಳಗಿನ ತಗಡಿನದು ದೊಡ್ಡ ಕೆಲಸ. ಪ್ಲಾಸ್ಟಿಕ್ ಪ್ಯಾನೆಲ್ ಕಳಚಿ, ಹಲಸಿನಕಾಯಿ ತಟ್ಟಿ ನೋಡುವ ಹಾಗೆ ತಗಡನ್ನು ಬೆರಳಗೆಣ್ಣಿನಿಂದ ತಟ್ಟಿ. ‘ಟಣ್’ ಎನ್ನುವ ಜಾಗಕ್ಕೆ 2 ಮಿ.ಮೀ. ಬ್ಯೂಟೈಲ್ ಶೀಟ್ (ಕಂಪನ ಹೀರುವ, ಅಂಟುವ ರಬ್ಬರ್ ಹಾಳೆ) ಬೇಕು. ಪೂರ್ತಿ ಹೊದಿಸಬೇಕು ಎಂದು ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಕಂಪನ ತಡೆಯುವುದಕ್ಕೆ ಪ್ಯಾನೆಲ್‌ನ ಕಾಲು ಭಾಗದಿಂದ ಅರ್ಧದಷ್ಟು ಮುಚ್ಚಿದರೆ ಬಹುಪಾಲು ಕೆಲಸ ಆದಂತೆಯೇ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಜಿಡ್ಡು ಒರೆಸಿ, ಶೀಟ್ ಅಂಟಿಸಿ, ಅದರ ಫಾಯಿಲ್ ಮೇಲಿನ ಉಬ್ಬು ಗೆರೆಗಳು ಸಪಾಟಾಗುವವರೆಗೆ ರೋಲರ್ ಒತ್ತಿ. ಗೆರೆ ಉಳಿದಿದ್ದರೆ ಅಲ್ಲಿ ಅಂಟು ಹಿಡಿದಿಲ್ಲ. ಚಾವಣಿ ಸೋರದಂತೆ ಹಾಕುವ ಡಾಂಬರಿನ ಶೀಟು ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ರಾಯಚೂರು, ಕಲಬುರಗಿಯ ಬೇಸಿಗೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಮೆತ್ತಗಾಗಿ ನಾತ ಬಿಡುತ್ತದೆ. ಪ್ಯಾನೆಲ್ ಮತ್ತೆ ಕೂರಿಸುವ ಮುಂಚೆ ಒಳಗಿನ ಸಡಿಲ ವೈರು, ಕಪ್ಲರ್‌ಗಳಿಗೆ ಫೋಮ್ ಸುತ್ತಿ, ಮುರಿದ ಕ್ಲಿಪ್ ಬದಲಿಸಿ.

ಪಕ್ಕದ ಬಾಗಿಲುಗಳಿಗೂ ಇದೇ ವಿಧಾನ, ಆದರೆ ಕೆಳಗಿನ ನೀರು ಹರಿಯುವ ತೂತುಗಳನ್ನು ಮುಚ್ಚಿದರೆ ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಶುರುವಾಗುತ್ತದೆ. ಕೆಲವು ಕಾರುಗಳಲ್ಲಿ ಅಪಘಾತ ಗುರುತಿಸುವ ಒತ್ತಡದ ಸೆನ್ಸರ್ ಬಾಗಿಲೊಳಗೇ ಇರುತ್ತದೆ, ಅದರ ಸುತ್ತಮುತ್ತ ಕೈಹಾಕಬೇಡಿ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯ ಪಿಲ್ಲರ್ ಕವರ್‌ಗಳನ್ನಂತೂ ನೀವಾಗಿ ಬಿಚ್ಚಲೇಬಾರದು. ಸಬ್‌ನ ಪೆಟ್ಟಿಗೆಯನ್ನು ಬೆಲ್ಟ್‌ನಿಂದ ಕಾರಿನ ಕೊಂಡಿಗೆ ಕಟ್ಟಿ. ಜೋರು ಬ್ರೇಕ್ ಹಾಕಿದಾಗ ಆ ಭಾರ ಹಿಂದಿನ ಸೀಟಿನವರ ಬೆನ್ನಿಗೆ ನುಗ್ಗಬಾರದು.

ಇಷ್ಟೆಲ್ಲ ಮಾಡಿಯೂ ಯಾವುದೋ ಒಂದು ಸ್ವರಕ್ಕೆ ಮಾತ್ರ ಸದ್ದು ಉಳಿದುಕೊಂಡರೆ ಟೇಪಿನ ಮೇಲೆ ಬರೆದಿಟ್ಟ ಹರ್ಟ್ಸ್ ನೋಡಿ, ಸ್ಟೀರಿಯೊದ ಈಕ್ವಲೈಸರ್‌ನಲ್ಲಿ ಅದರ ಹತ್ತಿರದ ಬ್ಯಾಂಡನ್ನು 3 ಡೆಸಿಬಲ್ ಇಳಿಸಿ. ಆ ಒಂದು ಕಡೆ ಸಬ್‌ಗೆ ಹೋಗುವ ಶಕ್ತಿ ಅರ್ಧಕ್ಕಿಳಿಯುತ್ತದೆ, ಉಳಿದ ಬೇಸ್ ಇದ್ದಲ್ಲೇ ಇರುತ್ತದೆ.